ಸೊಲ್ಲಾಪುರದ ಚೌಕಗಳಲ್ಲಿ ಉಳಿದ ಹೆಸರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಸಂಕ್ರಾಂತಿಗೆ ನಮ್ಮ ಮನೆಗೆ ವಿಜಯಪುರ, ಇಂಡಿ, ಆಳಂದದ ಕಡೆಯಿಂದ ಬೀಗರು ಬರುತ್ತಾರೆ. ಸಿದ್ಧರಾಮನ ಜಾತ್ರೆ ನೋಡಿ, ಊರು ಸುತ್ತಿ ಬರುತ್ತಾರೆ. ಸಂಜೆ ಕಡಕ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಕೂತರೆ ಪ್ರಶ್ನೆ ಶುರುವಾಗುತ್ತವೆ. ಆ ನಾಲ್ಕು ಪುತ್ಥಳಿ ಯಾರವು? ಆ ಕಾಲೇಜಿಗೆ ಗುಜರಾತಿ ಹೆಸರು ಯಾಕೆ? ಮಹಾನಗರಪಾಲಿಕೆ ಅರಮನೆಯ ಹಾಗೆ ಇದೆಯಲ್ಲ, ಯಾವ ರಾಜನದು? ವರ್ಷ ವರ್ಷ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಸೊಲ್ಲಾಪುರ ಇರುವುದು ಮಹಾರಾಷ್ಟ್ರದಲ್ಲಿ. ಇದನ್ನು ಕನ್ನಡದಲ್ಲಿ ಬರೆಯುವ ಅಗತ್ಯ ಏನಿದೆ?

ನಾವು ಇಲ್ಲಿ ಇದ್ದೇವಲ್ಲ, ಅದಕ್ಕೆ. ಈ ಊರಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ನಡೆಯುತ್ತವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ. ಪೇಟೆಯ ಹಳೆಯ ಅಡತಿ ಅಂಗಡಿಗಳಲ್ಲಿ ಗಿರಾಕಿಯ ಜೊತೆ ಮರಾಠಿ, ಗುಮಾಸ್ತನ ಜೊತೆ ಕನ್ನಡ, ಹಮಾಲರ ಜೊತೆ ಎರಡೂ ಸೇರಿದ ಮಾತು. ನಮ್ಮಜ್ಜ ಅಂಥ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬರೆಯುವುದು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ, ಬಾಯಲ್ಲಿ ಎಣಿಸುವುದು ಕನ್ನಡದಲ್ಲಿ.

ಆದರೆ ಊರಿನ ಚರಿತ್ರೆ ಮಾತ್ರ ಕನ್ನಡದ ಓದುಗರಿಗೆ ಜಾಸ್ತಿ ಸಿಗುವುದಿಲ್ಲ. ಸಿದ್ಧರಾಮನ ಹೆಸರು ಎಲ್ಲರಿಗೂ ಗೊತ್ತು. ಆಮೇಲೆ ಎಂಟು ನೂರು ವರ್ಷ ಏನಾಯಿತು ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಯಾರಿಂದ ಶುರು ಮಾಡಬೇಕು?

ಸಿದ್ಧರಾಮನಿಂದಲೇ. 12ನೇ ಶತಮಾನದ ಶರಣ. ವಚನಗಳ ಕೊನೆಗೆ ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಅಂತ ಬರುವುದು ಅವನ ಅಂಕಿತ. ಆಗ ಊರಿನ ಹೆಸರು ಸೊನ್ನಲಿಗೆ. ಅವನನ್ನು ದೇವರಾಗಿ ಪೂಜೆ ಮಾಡುತ್ತೇವೆ, ಸರಿ. ಆದರೆ ಈ ಪಟ್ಟಿಯಲ್ಲಿ ಅವನು ಮೊದಲು ಬರುವುದು ಕೆರೆ ಕಟ್ಟಿಸಿದವನು ಅಂತ. ನೀರಿಲ್ಲದ ಈ ಬಯಲುಸೀಮೆಯಲ್ಲಿ ಜನ ಸೇರಿಸಿ, ಮಣ್ಣು ಹೊರಿಸಿ, ಕೆರೆ ಮಾಡಿಸಿದ. ಊರ ಸುತ್ತ 68 ಲಿಂಗ ಸ್ಥಾಪಿಸಿದ ಅಂತ ನಂಬಿಕೆ. ಆ ಕೆರೆ ಇವತ್ತಿಗೂ ಕೋಟೆಯ ಪಕ್ಕ ಇದೆ, ಅದರ ನಡುವೆ ಗುಡಿ ಇದೆ. ಆಮೇಲೆ ಬಂದ ಸಾಹುಕಾರರು, ಪುರಸಭೆಯವರು ಎಲ್ಲರೂ ಆ ಕೆರೆ ನೋಡುತ್ತಲೇ ಬೆಳೆದವರು.

ಜಾತ್ರೆಯಲ್ಲಿ ಒಂದು ವಿಷಯ ತಪ್ಪದೇ ಗಮನಿಸಿ. ಸಿದ್ಧರಾಮನನ್ನು ಮದುವೆಯಾಗುತ್ತೇನೆ ಅಂದ ಕುಂಬಾರ ಕನ್ಯೆಗೆ ಅವನ ಯೋಗದಂಡದ ಜೊತೆ ಮದುವೆ ಆಯಿತು ಅನ್ನುವುದು ಕಥೆ. ಸಮ್ಮತಿ ಕಟ್ಟೆಯ ಹತ್ತಿರ ಏಳು ನಂದಿಧ್ವಜ ಬಂದು ನಿಲ್ಲುತ್ತವೆ. ಬಿಳಿ ಬಟ್ಟೆ ತೊಟ್ಟ ಸಾವಿರ ಸಾವಿರ ಜನ. ಸಮ್ಮತಿ ಅಂದರೆ ಆ ಮದುವೆಯ ಒಪ್ಪಿಗೆಯ ಮಾತು, ಅದನ್ನು ಓದುವುದು ಕನ್ನಡದಲ್ಲಿ. ‘ದಿಡ್ಡಂ ದಿಡ್ಡಂ, ಸತ್ಯಂ ಸತ್ಯಂ’ ಅಂದ ಕೂಡಲೇ ಎಲ್ಲಾ ಕಡೆಯಿಂದ ಅಕ್ಷತೆ ಬೀಳುತ್ತದೆ. ನನಗೆ ಆ ‘ದಿಡ್ಡಂ’ ಹಳೆಯ ಕನ್ನಡದ ‘ದಿಟಂ’ ಅಂತಲೇ ಕೇಳಿಸುತ್ತದೆ. ಪಕ್ಕದಲ್ಲಿ ನಿಂತ ಮರಾಠಿ ತಾಯಿ, ತೆಲುಗು ಮಾತಾಡುವ ನೇಕಾರ, ಇಬ್ಬರೂ ಅದೇ ಮಾತು ಹೇಳುತ್ತಾರೆ. ಮನೆಗೆ ಬಂದು ತಲೆ ಬಾಚಿದರೆ ಅಕ್ಕಿ ಕಾಳು ಉದುರುತ್ತವೆ.

ಮಹಾನಗರಪಾಲಿಕೆಯ ಇಂದ್ರಭುವನ ಯಾವ ರಾಜನ ಅರಮನೆ?

ರಾಜನದಲ್ಲ, ವ್ಯಾಪಾರಿಯದು. ನಮ್ಮ ಮನೆಗಳಲ್ಲಿ ಅವರನ್ನು ವಾರದ ಮಲ್ಲಪ್ಪ ಅನ್ನುತ್ತೇವೆ. ಊರಿನ ಬಾಯಲ್ಲಿ ಅವರು ಅಪ್ಪಾಸಾಹೇಬ ವಾರದ. ವಾಸಕ್ಕೆ ಅಂತ ಕಟ್ಟಿಸಿದ ಮನೆ ಅದು. ನೂರು ವರ್ಷ ದಾಟಿದೆ. ಮುಂದೆ ಪುರಸಭೆ ಅದನ್ನು ತನ್ನ ಕಚೇರಿ ಮಾಡಿಕೊಂಡಿತು.

ಮನೆಪಟ್ಟಿ ಕಟ್ಟಲು ಹೋದಾಗ ಐದು ನಿಮಿಷ ಹೊರಗೆ ನಿಂತು ತಲೆ ಎತ್ತಿ ನೋಡಿ. ಗೋಡೆಯ ಮೇಲೆಲ್ಲ ಗಾರೆ ಕೆಲಸ. ಬಳ್ಳಿ, ಹೂವು, ಮನುಷ್ಯರ ಬೊಂಬೆಗಳು. ಒಂದು ಕಿಟಕಿಯ ಸುತ್ತ ಇರುವ ಕೆಲಸ ನೋಡಿ ಮುಗಿಸುವಷ್ಟರಲ್ಲಿ ಕತ್ತು ನೋಯುತ್ತದೆ. ನಮ್ಮ ಅಕ್ಕನ ಮಗ ಒಮ್ಮೆ ಕೇಳಿದ, "ಮಾಮಾ, ಇಷ್ಟೆಲ್ಲ ಮಾಡಿಸಿ ಒಳಗೆ ಬರೀ ಫೈಲ್ ಇಟ್ಟಿದಾರಾ?" ನಾನು ಹೇಳಿದೆ, ಒಬ್ಬರ ಮನೆಯಾಗಿದ್ದದ್ದು ಊರಿನ ಮನೆ ಆಯಿತಲ್ಲ ತಮ್ಮಾ, ಅದು ಒಳ್ಳೆಯದೇ.

ವಾರದ ಮಲ್ಲಪ್ಪನವರು ಬರೀ ಕಟ್ಟಡದಿಂದ ನೆನಪಾಗಬೇಕಾದವರಲ್ಲ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ವೀರಶೈವ ಧರ್ಮದ ಸಂಸ್ಕೃತ ಗ್ರಂಥಗಳನ್ನು ಮರಾಠಿ ಅರ್ಥದ ಜೊತೆ ಅಚ್ಚು ಹಾಕಿಸಲು ದುಡ್ಡು ಕೊಟ್ಟವರು ಅವರು. ಮನೆಯಲ್ಲಿ ಕನ್ನಡ, ಗ್ರಂಥ ಸಂಸ್ಕೃತದ್ದು, ಅರ್ಥ ಮರಾಠಿಯದ್ದು. ಸೊಲ್ಲಾಪುರ ಅಂದರೆ ಏನು ಅಂತ ತಿಳಿಯಲು ಇದೊಂದು ಸಾಕು.

ಅಪ್ಪಾಸಾಹೇಬ ಅಂತ ಇನ್ನೊಬ್ಬರ ಹೆಸರೂ ಕೇಳುತ್ತೇವಲ್ಲ?

ಹೌದು, ಅವರು ಅಪ್ಪಾಸಾಹೇಬ ಕಾಡಾದಿ. ಬೇರೆ ಮನೆತನ, ಬೇರೆ ಕಾಲ. ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆ, ಸಂಗಮೇಶ್ವರ ಕಾಲೇಜು ಅಂದರೆ ಜನ ನೆನೆಯುವುದು ಇವರನ್ನು. ‘ಕರ್ಮಯೋಗಿ’ ಅಂತ ಮುಂದೆ ಸೇರಿಸಿದ್ದರೆ ಕಾಡಾದಿ ಅಂತ ತಿಳಿಯಿರಿ, ಇಂದ್ರಭುವನದ ಮಾತು ಬಂದರೆ ವಾರದ.

ಚಾರ್ ಪುತಳಾದಲ್ಲಿ (ನಾಲ್ಕು ಪುತ್ಥಳಿಗಳ ಚೌಕದಲ್ಲಿ) ನಿಂತವರು ಯಾರು? ಅವರಲ್ಲಿ ಕನ್ನಡದವರು ಇದ್ದಾರಾ?

ರಿಕ್ಷಾದವರಿಗೆ ‘ಚಾರ್ ಪುತಳಾ’ ಅಂದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಿಂತವರು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ. 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಿದರು.

ಹಿಂದಿನ ಕಥೆ ಗೊತ್ತಿದ್ದರೆ ಆ ಚೌಕ ಬೇರೆ ಥರ ಕಾಣುತ್ತದೆ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಅದೇ ದಿನ ಸೊಲ್ಲಾಪುರ ಪುರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ಬಾವುಟ ಏರಿಸಿದವರು ಅಣ್ಣಾಸಾಹೇಬ ಭೋಪಟಕರ. ಬ್ರಿಟಿಷರ ಕಾಲದ ಒಂದು ಪುರಸಭೆ, ಅವರ ಕಾನೂನಿನಲ್ಲೇ ಹುಟ್ಟಿದ ಪುರಸಭೆ, ಅವರ ಮುಂದೆಯೇ ನಮ್ಮ ಬಾವುಟ ಹಾರಿಸಿತು. ನಲ್ಲಿ, ಗಟಾರ ನೋಡಿಕೊಳ್ಳುವ ಜನ ಮಾಡಿದ ಕೆಲಸ ಅದು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನಿಸುವುದಿಲ್ಲ.

ಮೇ 5ರಂದು ಗಾಂಧೀಜಿಯನ್ನು ಹಿಡಿದರು. ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಬೀದಿಗೆ ಬಂದರು. ಮೇ 8ರಂದು ರೂಪಾಭವಾನಿ ಗುಡಿಯ ಕಡೆ ಜನ ಸೇರಿ ಸೇಂದಿ ಮರ ಕಡಿಯಲು ಹೋದರು. ಸೇಂದಿಯ ತೆರಿಗೆ ಸರ್ಕಾರಕ್ಕೆ ಹೋಗುತ್ತಿತ್ತು, ಅದಕ್ಕೆ. ಪೊಲೀಸರು ಗುಂಡು ಹಾರಿಸಿದರು. ಶಂಕರ ಶಿವದಾರೆ ಅನ್ನುವ ಯುವಕ ಮೊದಲು ಬಿದ್ದ. ಜನರ ಸಿಟ್ಟು ಏರಿತು. ಮಂಗಳವಾರ ಪೇಟೆಯ ಪೊಲೀಸ್ ಚೌಕಿ ಸುಟ್ಟುಹೋಯಿತು, ಪೊಲೀಸರೂ ಸತ್ತರು. ಅಧಿಕಾರಿಗಳು ಊರಿನಿಂದ ಹಿಂದೆ ಸರಿದರು. ಕೆಲವು ದಿನ ಊರನ್ನು ಊರಿನವರೇ ನೋಡಿಕೊಂಡರು. ದಾರಿಯಲ್ಲಿ ಗಾಡಿ ಬಿಡುವುದರಿಂದ ಹಿಡಿದು ಕಾವಲಿನ ತನಕ ಸ್ವಯಂಸೇವಕರೇ.

ಮೇ 12ಕ್ಕೆ ಮಾರ್ಷಲ್ ಲಾ ಬಂತು. ಜೂನ್ ಕೊನೆಯ ತನಕ ಇತ್ತು. ಗಾಂಧಿ ಟೋಪಿ ಹಾಕಿದವರನ್ನೂ ಹಿಡಿದರು. ಪೊಲೀಸರ ಕೊಲೆಯ ಆರೋಪವನ್ನು ಈ ನಾಲ್ವರ ಮೇಲೆ ಹೊರಿಸಿ ಗಲ್ಲು ವಿಧಿಸಿದರು.

ಈಗ ನಿಮ್ಮ ಎರಡನೇ ಪ್ರಶ್ನೆ. ಮಲ್ಲಪ್ಪ ಧನಶೆಟ್ಟಿ ಲಿಂಗಾಯತರು, ನಮ್ಮ ಕಡೆಯ ಹೆಸರು. ಸಾರಡಾ ಮಾರವಾಡಿ ಮನೆತನದವರು. ಕುರ್ಬಾನ್ ಹುಸೇನ್ ಗಿರಣಿಯಲ್ಲಿ ದುಡಿದ ಹುಡುಗ, ‘ಗಝನ್‌ಫರ್’ ಅನ್ನುವ ಪತ್ರಿಕೆ ನಡೆಸುತ್ತಿದ್ದ. ಶಿಂದೆ ಮರಾಠಿಯವರು. ನಾಲ್ವರೂ ಒಂದೇ ಬೆಳಿಗ್ಗೆ ಹೋದರು. ನಮ್ಮಜ್ಜಿ ನಾಲ್ಕು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು, ಮಧ್ಯೆ ಎಲ್ಲೂ ನಿಲ್ಲಿಸುತ್ತಿರಲಿಲ್ಲ. ನೀವೂ ಹಾಗೇ ಹೇಳಿ.

ಜನವರಿ 12 ಅಂದರೆ ಸಂಕ್ರಾಂತಿಗೆ ಎರಡೇ ದಿನ. ಬೆಳಿಗ್ಗೆ ಆ ಚೌಕಕ್ಕೆ ಹೋದರೆ ಶಾಲೆಯ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಚೆಂಡುಹೂವಿನ ಹಾರ ಕಲ್ಲಿನ ಮೆಟ್ಟಿಲ ತನಕ ಇಳಿದಿರುತ್ತದೆ. ಆ ಕಡೆ ಜಾತ್ರೆಯ ಬಾಜಾ ಬಜಂತ್ರಿ ತಯಾರಿ, ಈ ಕಡೆ ಈ ಮೌನ. ಎರಡೂ ಒಂದೇ ವಾರದಲ್ಲಿ ಬರುವ ಊರು ನಮ್ಮದು.

ಹುತಾತ್ಮಾ ಎಕ್ಸ್‌ಪ್ರೆಸ್‌ಗೂ ಇವರಿಗೂ ಸಂಬಂಧ ಇದೆಯಾ?

ಇದೆ. ಈ ನಾಲ್ವರ ನೆನಪಿಗೇ ಆ ಹೆಸರು. ಬೆಳಿಗ್ಗೆ ಸೊಲ್ಲಾಪುರ ಬಿಟ್ಟು ಪುಣೆಗೆ ಹೋಗುತ್ತದೆ, ಸಂಜೆ ಅಲ್ಲಿಂದ ಹೊರಡುತ್ತದೆ. ಯರವಡಾ ಜೈಲು ಇರುವುದೂ ಪುಣೆಯಲ್ಲೇ. ಅವರು ವಾಪಸ್ ಬರಲಿಲ್ಲ. ಅವರ ಹೆಸರಿನ ರೈಲು ರಾತ್ರಿ ಊರಿಗೆ ಬರುತ್ತದೆ. ಆ ರೈಲಿನಲ್ಲಿ ಕೂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ವಾಲಚಂದ ಕಾಲೇಜಿನ ವಾಲಚಂದ ಯಾರು?

ವಾಲಚಂದ ಹಿರಾಚಂದ ದೋಶಿ. ಹುಟ್ಟಿದ್ದು 1882ರ ನವೆಂಬರ್ 23, ಸೊಲ್ಲಾಪುರದಲ್ಲೇ. ಗುಜರಾತಿ ಮಾತಾಡುವ ಜೈನ ಮನೆತನ. ಹತ್ತಿ ವ್ಯಾಪಾರ, ಬಡ್ಡಿ ವ್ಯವಹಾರ ಮನೆತನದ ಕಸುಬು. ಗಾದಿಯ ಮೇಲೆ ಕೂತು ಬಡ್ಡಿ ಎಣಿಸುತ್ತ ಇರುವುದು ಅವರಿಗೆ ಒಗ್ಗಲಿಲ್ಲ. ಲಕ್ಷ್ಮಣರಾವ ಫಾಟಕ ಅನ್ನುವವರ ಜೊತೆ ಸೇರಿ ಬಾರ್ಸಿ ಲೈಟ್ ರೈಲ್ವೆಯ ಗುತ್ತಿಗೆ ಹಿಡಿದರು. ಅಲ್ಲಿಂದ ಮುಂದೆ ದೊಡ್ಡ ದೊಡ್ಡ ರೈಲು, ಸುರಂಗದ ಕೆಲಸಗಳು.

1919ರಲ್ಲಿ ಇನ್ನೂ ಕೆಲವರ ಜೊತೆ ಸೇರಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಕಟ್ಟಿದರು. ಆ ವರ್ಷದ ಏಪ್ರಿಲ್ 5ರಂದು ‘ಲಾಯಲ್ಟಿ’ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಸಮುದ್ರದ ವ್ಯಾಪಾರವೆಲ್ಲ ಬ್ರಿಟಿಷ್ ಕಂಪನಿಗಳ ಕೈಯಲ್ಲಿದ್ದ ಕಾಲ ಅದು. ಏಪ್ರಿಲ್ 5 ಈಗ ರಾಷ್ಟ್ರೀಯ ಕಡಲ ದಿನ. ಸಮುದ್ರದ ಗಾಳಿಯೂ ಬೀಸದ ಸೊಲ್ಲಾಪುರದಲ್ಲಿ ಹುಟ್ಟಿದವರು ಹಡಗಿನ ಕೆಲಸಕ್ಕೆ ಕೈ ಹಾಕಿದರು.

ಕನ್ನಡದವರು ನೆನಪಿಡಬೇಕಾದ್ದು ಇನ್ನೊಂದಿದೆ. 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಮೈಸೂರು ಸರ್ಕಾರ ಜೊತೆಗೆ ನಿಂತಿತು. ಶುರು ಮಾಡಿದವರು ಇದೇ ವಾಲಚಂದ. ಇವತ್ತು ಎಚ್‌ಎಎಲ್ ಅನ್ನುವುದು ಅದನ್ನೇ. ಬೆಂಗಳೂರಿನಲ್ಲಿ ಎಚ್‌ಎಎಲ್ ಬಸ್ ಸ್ಟಾಪಿನಲ್ಲಿ ಇಳಿಯುವ ನಮ್ಮ ಹುಡುಗರಿಗೆ ಈ ಮಾತು ಹೇಳಿದರೆ ನಂಬುವುದಿಲ್ಲ. ನಮ್ಮೂರಿನವರಾ ಅಂತ ಕಣ್ಣು ಬಿಡುತ್ತಾರೆ. ಕೊನೆಗೆ, 1953ರ ಏಪ್ರಿಲ್ 8ರಂದು ತೀರಿಕೊಂಡರು.

ಹಿರಾಚಂದ ನೇಮಚಂದ ಅನ್ನುವ ಹೆಸರು ಕಾಲೇಜು, ವಾಚನಾಲಯದ ಮೇಲೆ ಕಂಡರೆ, ಅವರು ವಾಲಚಂದರ ತಂದೆ. ‘ಜೈನ ಬೋಧಕ’ ಪತ್ರಿಕೆ ಹೊರಡಿಸಿದವರು, ತಮ್ಮ ಸಮಾಜದಲ್ಲಿ ಸುಧಾರಣೆ ಆಗಬೇಕು ಅಂತ ದುಡಿದವರು.

ಇನ್ನೊಬ್ಬ ದೋಶಿ ಇದ್ದರಂತೆ, ಪುಸ್ತಕ ಮಾಡಿಸಿದವರು?

ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿ. ಇವರಿಗೆ ಪುತ್ಥಳಿ ಹುಡುಕಲು ಹೋಗಬೇಡಿ. ಇವರು ಉಳಿದಿರುವುದು ಪುಸ್ತಕಗಳ ಮೊದಲ ಪುಟದಲ್ಲಿ. ಸಂಪಾದಿಸಿದ ಹಣ ಧರ್ಮಕ್ಕೆ, ಸಮಾಜಕ್ಕೆ ಉಪಯೋಗ ಆಗಬೇಕು ಅಂತ 1940ರಲ್ಲಿ ತೀರ್ಮಾನ ಮಾಡಿದರು. ಆದರೆ ಆತುರ ಮಾಡಲಿಲ್ಲ. ದೇಶ ಸುತ್ತಿ ವಿದ್ವಾಂಸರನ್ನು ಕಂಡು, ಈ ಹಣ ಯಾವುದಕ್ಕೆ ಹಾಕಲಿ ಅಂತ ಬಾಯಲ್ಲೂ ಬರಹದಲ್ಲೂ ಅಭಿಪ್ರಾಯ ಕೇಳಿದರು. 1941ರಲ್ಲಿ ಜೈನ ಸಂಸ್ಕೃತಿ ಸಂರಕ್ಷಕ ಸಂಘ ಹುಟ್ಟಿತು, 30,000 ರೂಪಾಯಿ ಕೊಟ್ಟರು. 1944ರಲ್ಲಿ ಸುಮಾರು 2 ಲಕ್ಷದ ತಮ್ಮ ಎಲ್ಲಾ ಆಸ್ತಿಯನ್ನೂ ಬರೆದುಕೊಟ್ಟರು.

ನನಗೆ ಈ ಇಡೀ ಪಟ್ಟಿಯಲ್ಲಿ ಅತಿ ಇಷ್ಟವಾದವರು ಇವರೇ. ಕೊಡುವವರು ಬಹಳ ಜನ. ಕೊಡುವ ಮೊದಲು ತಿಳಿದವರ ಹತ್ತಿರ ಹೋಗಿ ಕೇಳಿದವರು ಕಡಿಮೆ.

ಅವರ ಹೆಸರಿನ ಗ್ರಂಥಮಾಲೆಗೆ ಸಂಪಾದಕರಾಗಿದ್ದವರಲ್ಲಿ ಒಬ್ಬರು ಆ.ನೇ. ಉಪಾಧ್ಯೆ. ಬೆಳಗಾವಿ ಜಿಲ್ಲೆಯ ಸದಲಗಾದವರು, ಪ್ರಾಕೃತದ ದೊಡ್ಡ ಪಂಡಿತರು. ದಕ್ಷಿಣ ಭಾರತದ ಜೈನ ಧರ್ಮ, ಕರ್ನಾಟಕದ ಜೈನ ಶಾಸನಗಳ ಬಗ್ಗೆ ಪಿ.ಬಿ. ದೇಸಾಯಿ ಬರೆದ ಪುಸ್ತಕವೂ 1957ರಲ್ಲಿ ಇದೇ ಮಾಲೆಯಲ್ಲಿ ಸೊಲ್ಲಾಪುರದಿಂದ ಬಂತು. ಗುಜರಾತಿ ಮಾತಾಡುವ ಸಾಹುಕಾರರ ದುಡ್ಡು ನಮ್ಮ ಕಲ್ಲಿನ ಶಾಸನ ಓದಿಸಿತು.

ಜೂನಿ ಗಿರಣಿ (ಹಳೆಯ ಗಿರಣಿ) ಯಾರದು?

ಮುಂಬೈಯ ಮೊರಾರ್ಜಿ ಗೋಕುಲದಾಸ ಅನ್ನುವ ಸೇಠರದು. 1877ರಲ್ಲಿ ಶುರುವಾಯಿತು. ಊರಿಗೆ ಮೊದಲ ಬಟ್ಟೆ ಗಿರಣಿ. ಅದಕ್ಕೂ ಮೊದಲೇ ಊರಿಗೆ ರೈಲು ಬಂದಿತ್ತು. ಆಮೇಲೆ ನರಸಿಂಗಗಿರಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಬಂದವು. ಗಿರಣಿಯ ಭೋಂಗಾ ಕೂಗಿದರೆ ಹೊತ್ತು ಎಷ್ಟಾಯಿತು ಅಂತ ಹೆಂಗಸರಿಗೆ ಗೊತ್ತಾಗುತ್ತಿತ್ತು, ಬುತ್ತಿ ಕಟ್ಟುತ್ತಿದ್ದರು. ಗಿರಣಿಗಳು ಮುಚ್ಚಿದವು. ಮಗ್ಗ ಉಳಿಯಿತು. ಚಾದರ, ಟವೆಲ್ ಇವತ್ತಿಗೂ ನೇಯುವವರಲ್ಲಿ ತೆಲುಗು ಮಾತಾಡುವ ಪದ್ಮಶಾಲಿಗಳು ಬಹಳ ಜನ.

ಎಲ್ಲಾ ಗಂಡಸರೇ ಆದರಲ್ಲ, ಹೆಂಗಸರು ಯಾರೂ ಇಲ್ವಾ?

ಇದ್ದಾರೆ. ಜಯದೇವಿತಾಯಿ ಲಿಗಾಡೆ. ಕನ್ನಡದವರಿಗೆ ಈ ಊರಿನಿಂದ ಸಿದ್ಧರಾಮನ ನಂತರ ಬೇರೆ ಯಾರನ್ನೂ ಹೇಳದಿದ್ದರೂ ಇವರನ್ನು ಹೇಳಬೇಕು. ಹುಟ್ಟಿದ್ದು 1912ರ ಜೂನ್ 23, ಇಲ್ಲೇ. ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡದ ಅಕ್ಷರ ತಾವೇ ಹಟ ಹಿಡಿದು ಕಲಿತರು. ಕಲಿತು ಏನು ಮಾಡಿದರು ಅಂದರೆ, ಸಿದ್ಧರಾಮನ ಮೇಲೆ ಪುರಾಣ ಬರೆದರು, 4,000ಕ್ಕೂ ಹೆಚ್ಚು ತ್ರಿಪದಿಗಳಲ್ಲಿ. ಬೀಸುವ ಕಲ್ಲಿನ ಮುಂದೆ ನಮ್ಮ ಹೆಂಗಸರು ಹಾಡುತ್ತಿದ್ದದ್ದೂ ತ್ರಿಪದಿಯೇ, ಅಲ್ವಾ? ಆ ಲಯ ಅವರ ಕಿವಿಯಲ್ಲಿ ಮೊದಲೇ ಇತ್ತು ಅಂತ ನನ್ನ ನಂಬಿಕೆ.

ವಚನಗಳನ್ನು ಮರಾಠಿಗೂ ತಂದರು. ಗಡಿಯ ಕನ್ನಡಿಗರ ಪರವಾಗಿ, ಕರ್ನಾಟಕದ ಏಕೀಕರಣಕ್ಕಾಗಿ ಓಡಾಡಿದರು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆಯಿತು, ಅಧ್ಯಕ್ಷರು ಎಂ.ಆರ್. ಶ್ರೀನಿವಾಸಮೂರ್ತಿ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ಊರು ಕನ್ನಡ ನಾಡಿಗೆ ಸೇರದೆ ಮುಂಬೈ ರಾಜ್ಯದಲ್ಲೇ ಉಳಿಯಿತು. ಅವರಿಗೆ ಅದು ದೊಡ್ಡ ನೋವು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ. ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದು 1986ರಲ್ಲಿ ತೀರಿಕೊಂಡರು.

ಮರಾಠಿ ಶಾಲೆಗೆ ಹೋಗುವ ನನ್ನ ಮಗಳು ಕನ್ನಡ ಓದಲು ಬರಲ್ಲ ಅಂತ ಬೇಜಾರು ಮಾಡಿಕೊಂಡಾಗ ನಾನು ಹೇಳುವುದು ಈ ತಾಯಿಯ ಹೆಸರು. ಈಗ ಅಂಗಡಿಯ ಬೋರ್ಡ್ ಓದುವಷ್ಟು ಬಂದಿದೆ.

ಡಾ. ಕೋಟ್ನಿಸ್ ಸ್ಮಾರಕ ನೋಡಬೇಕಾ?

ಖಂಡಿತ ನೋಡಿ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ಡಾಕ್ಟರುಗಳಲ್ಲಿ ಒಬ್ಬರು. ಉಳಿದವರು ವಾಪಸ್ ಬಂದರು, ಇವರು ಗಾಯಾಳುಗಳನ್ನು ಬಿಟ್ಟು ಬರಲಿಲ್ಲ. 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡಾಗ 32 ವರ್ಷ. ಇಲ್ಲಿಯ ಅವರ ಮನೆ ಈಗ ಸ್ಮಾರಕ.

ಕೊನೆಗೂ ಇವರಲ್ಲಿ ನಮ್ಮವರು ಯಾರು, ಹೇಳಿಬಿಡಿ.

ಬೀಗರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನಾನೂ ಚಿಕ್ಕವನಿದ್ದಾಗ ಕೇಳಿದ್ದೆ. ವಾರದ ನಮ್ಮವರು, ಧನಶೆಟ್ಟಿ ನಮ್ಮವರು, ಲಿಗಾಡೆ ನಮ್ಮವರು ಅಂತ ಬೆರಳು ಮಡಚಿ ಎಣಿಸಿ ಅಜ್ಜನ ಮುಂದೆ ಹಿಡಿದೆ. ಅಜ್ಜ ಲೆಕ್ಕದ ಮನುಷ್ಯ. ನನ್ನ ಉಳಿದ ಬೆರಳನ್ನೂ ಒಂದೊಂದಾಗಿ ಮಡಚಿಸಿದರು. ಸಾರಡಾ, ಕುರ್ಬಾನ್, ಶಿಂದೆ, ವಾಲಚಂದ. "ಬಾಕಿ ಬಿಟ್ಟರೆ ಲೆಕ್ಕ ಕೂಡೂದಿಲ್ಲ" ಅಂದರು.

ಕನ್ನಡದ ಮೇಲೆ ನನಗೆ ಅಭಿಮಾನ ಕಡಿಮೆ ಏನೂ ಇಲ್ಲ. ಇಲ್ಲಿಯ ಕನ್ನಡ ಶಾಲೆಗಳು ಉಳಿಯಬೇಕು, ಧನಶೆಟ್ಟಿಯವರ, ಜಯದೇವಿತಾಯಿಯವರ ಹೆಸರು ಕನ್ನಡದ ಪಠ್ಯದಲ್ಲಿ ಬರಬೇಕು ಅಂತ ಮನಸಾರೆ ಬಯಸುತ್ತೇನೆ. ಆದರೆ ಚಾರ್ ಪುತಳಾದ ಮುಂದೆ ನಿಂತು ಒಂದು ಪುತ್ಥಳಿಗೆ ಮಾತ್ರ ಹಾರ ಹಾಕಿ ಬರಲು ನನ್ನಿಂದ ಆಗುವುದಿಲ್ಲ.

ಒಂದೇ ದಿನ ಇದೆ. ಹೇಗೆ ಸುತ್ತಬೇಕು?

ಬೆಳಿಗ್ಗೆ ಬೇಗ ಕೆರೆಯ ನಡುವಿನ ಸಿದ್ಧೇಶ್ವರ ಗುಡಿಗೆ ಹೋಗಿ, ಬಿಸಿಲು ಏರುವ ಮೊದಲು. ಅಲ್ಲಿಂದ ಪಕ್ಕದ ಕೋಟೆ. ಆಮೇಲೆ ಚಾರ್ ಪುತಳಾ, ಇಂದ್ರಭುವನ. ಕಚೇರಿ ಇರುವ ದಿನವಾದರೆ ಜನ ಜಾಸ್ತಿ, ಭಾನುವಾರ ಹೊರಗಿನಿಂದ ನೋಡಲು ಸಲೀಸು. ಮಧ್ಯಾಹ್ನ ಊಟ ಮುಗಿಸಿ ಕೋಟ್ನಿಸ್ ಸ್ಮಾರಕ. ಎಲ್ಲಾದರೂ ದಾರಿ ತಪ್ಪಿದರೆ ಕನ್ನಡದಲ್ಲೇ ಕೇಳಿ ನೋಡಿ. ಮೊದಲನೆಯವರಿಗೆ ಬರದಿದ್ದರೆ ಅವರೇ ಪಕ್ಕದ ಅಂಗಡಿಯವರನ್ನು ಕೂಗಿ ಕರೆಯುತ್ತಾರೆ.